ತಂತಿಯೊಳಗಿನ ಮಿಡಿತ

ಮಕ್ಕಳೇ, ಜಯನಗರ 4ನೇ ಟಿ ಬ್ಲಾಕಿನ ನಮ್ಮ ಮನೆಯ ಅಟ್ಟದ ಮೇಲೆ ಒಂದು ಉದ್ದನೆಯ ಕಪ್ಪು ಚೀಲ ವರ್ಷಗಟ್ಟಲೆ ಮಲಗಿತ್ತು. ಬೇಸಿಗೆ ರಜೆಗೆ ಬಂದ ನನ್ನ ತಂಗಿಯ ಮಗಳು ಹಪ್ಪಳದ ಡಬ್ಬ ಹುಡುಕಲೆಂದು ಏಣಿ ಹತ್ತಿದವಳು, "ಮಾಮಾ, ಇದರೊಳಗೆ ಯಾರಿದ್ದಾರೆ?" ಎಂದು ಕೂಗಿದಳು. ಏನಿದೆ ಎಂದಲ್ಲ, ಯಾರಿದ್ದಾರೆ ಎಂದು! "ಒಂದು ಇಡೀ ಆರ್ಕೆಸ್ಟ್ರಾ ಇದೆ. ಇರು, ಬಂದೆ" ಎಂದೆ. ಇಬ್ಬರೂ ಸೇರಿ ಮೆಲ್ಲಗೆ ಇಳಿಸಿದೆವು.

ಚೀಲದೊಳಗಿದ್ದದ್ದು ಬೆಳ್ಳಿ ಬಣ್ಣದ ಒಂದು ಕೀಬೋರ್ಡು. ಜಪಾನಿನ ಕೋರ್ಗ್ ಕಂಪನಿ 1999ರಲ್ಲಿ ತಂದ ಟ್ರೈಟನ್. ಇಂಥದಕ್ಕೆ ವರ್ಕ್‌ಸ್ಟೇಷನ್ ಎನ್ನುತ್ತಾರೆ. ಪಿಟೀಲು, ಕೊಳಲು, ಪಿಯಾನೊ, ಡ್ರಮ್ಮು, ಹೀಗೆ ನೂರಾರು ದನಿಗಳು ಇದರ ಹೊಟ್ಟೆಯಲ್ಲಿವೆ. ನುಡಿಸಿದ್ದನ್ನು ಒಂದರ ಮೇಲೊಂದರಂತೆ 16 ಸಾಲುಗಳಲ್ಲಿ ಬರೆದಿಟ್ಟುಕೊಳ್ಳುವ ಸೀಕ್ವೆನ್ಸರ್ ಕೂಡ ಇದೆ. ಗಣೇಶನ ಹಬ್ಬದ ಪೆಂಡಾಲುಗಳಲ್ಲಿ, ರಾಜ್ಯೋತ್ಸವದ ವೇದಿಕೆಗಳಲ್ಲಿ ನಾನು ಇದನ್ನು ನುಡಿಸಿದ್ದೇನೆ. ಆಮೇಲೆ ಮನೆಗೆ ಲ್ಯಾಪ್‌ಟಾಪ್ ಬಂತು, ಅದರಲ್ಲೇ ಸಂಗೀತ ಕೂಡಿಸುವ ಸಾಫ್ಟ್‌ವೇರ್ ಬಂತು, ಕೀಬೋರ್ಡು ಅಟ್ಟ ಸೇರಿತು.

"ಲ್ಯಾಪ್‌ಟಾಪಿಗೂ ಇದಕ್ಕೂ ಪರಿಚಯ ಮಾಡಿಸೋಣವಾ?" ಎಂದಳು ಪುಟ್ಟಿ. ಅದೇ ನಮ್ಮ ರಜೆಯ ಕೆಲಸವಾಯಿತು.

ಮೊದಲು ರಿಪೇರಿ. 61 ಮನೆಗಳಲ್ಲಿ ನಾಲ್ಕು ಉಸಿರೆತ್ತಲಿಲ್ಲ. ಹಾರ್ಮೋನಿಯಂ ನುಡಿಸುವವರು ಕೀಗಳನ್ನು ಮನೆ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಪ್ಲಗ್ ಕಿತ್ತು ದೂರ ಇಟ್ಟು ನಾನೇ ಸ್ಕ್ರೂ ಬಿಚ್ಚಿದೆ. ಇದು ದೊಡ್ಡವರ ಕೆಲಸ, ನೀವು ಪಕ್ಕದಲ್ಲಿ ನಿಂತು ನೋಡಿ. ಪ್ರತಿ ಮನೆಯ ಕೆಳಗೂ ರಬ್ಬರಿನ ಪುಟ್ಟ ಗುಮ್ಮಟ. ಅದನ್ನು ಮಗುಚಿದರೆ ಒಳಗೆ ಎರಡು ಕಪ್ಪು ಚುಕ್ಕೆ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವು. ಒಂದು ಕೊಂಚ ಎತ್ತರ, ಇನ್ನೊಂದು ಕೊಂಚ ತಗ್ಗು.

"ಒಂದು ಮನೆಗೆ ಎರಡು ಯಾಕೆ?" ಎಂದಳು.

ಒಳ್ಳೆಯ ಪ್ರಶ್ನೆ. ಬೆರಳು ಒತ್ತಿದಾಗ ಮೊದಲು ಒಂದು ಚುಕ್ಕೆ ಕೆಳಗಿನ ಫಲಕವನ್ನು ಮುಟ್ಟುತ್ತದೆ, ಆಮೇಲೆ ಇನ್ನೊಂದು. ಎರಡರ ನಡುವೆ ಎಷ್ಟು ಹೊತ್ತು ಕಳೆಯಿತೆಂದು ಒಳಗಿನ ಚಿಪ್ಪು ಅಳೆಯುತ್ತದೆ. ಬೇಗ ಮುಟ್ಟಿದರೆ ಬೆರಳು ಜೋರಾಗಿ ಬಂದಿದೆ, ನಿಧಾನವಾಗಿ ಮುಟ್ಟಿದರೆ ಮೆತ್ತಗೆ ಬಂದಿದೆ. ಈ ಚುಕ್ಕೆಗಳಿಗೆ ನಿಮ್ಮ ಬೆರಳಿನ ಬಲ ಗೊತ್ತಾಗುವುದಿಲ್ಲ, ವೇಗ ಗೊತ್ತಾಗುತ್ತದೆ. ಆ ವೇಗಕ್ಕೆ ಕೀಬೋರ್ಡು 1ರಿಂದ 127ರವರೆಗೆ ಅಂಕ ಕೊಡುತ್ತದೆ. ಲಾಲಿ ಹಾಡಿಗೆ 30, ಡೊಳ್ಳಿನ ಪೆಟ್ಟಿಗೆ 120 ಅಂದುಕೊಳ್ಳಿ. ಚುಕ್ಕೆಗಳ ಮೇಲೆ ಧೂಳು ಕೂತಿತ್ತು, ಅದಕ್ಕೇ ಆ ನಾಲ್ಕು ಮನೆಗಳು ಮೂಕವಾಗಿದ್ದವು. ಹತ್ತಿಯಿಂದ ಒರೆಸಿ ಮುಚ್ಚಿದಾಗ ನಾಲ್ಕೂ ಹಾಡಿದವು.

ಎಸ್.ಪಿ. ರೋಡಿನಿಂದ ಒಂದು ಕೇಬಲ್ ತಂದೆವು. ಒಂದು ತುದಿ ಲ್ಯಾಪ್‌ಟಾಪಿನ ಯುಎಸ್‌ಬಿಗೆ. ಇನ್ನೊಂದು ತುದಿಯಲ್ಲಿ ಎರಡು ದುಂಡನೆಯ ಪ್ಲಗ್ಗು, ಒಂದೊಂದಕ್ಕೂ ಐದು ಹಲ್ಲು. ಕೀಬೋರ್ಡಿನ ಬೆನ್ನಿನಲ್ಲಿ ಅವಕ್ಕೆ ಹೊಂದುವ ತೂತುಗಳಿದ್ದವು, ಮೇಲೆ "ಮಿಡಿ" ಎಂದು ಬರೆದಿತ್ತು.

"ಮಿಡಿ! ಉಪ್ಪಿನಕಾಯಿಯದ್ದಾ?" ಎಂದು ನಕ್ಕಳು. ಮಾವಿನ ಮಿಡಿಯಲ್ಲ ಮಗೂ. ಇದು ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್ ಎಂಬ ಉದ್ದ ಹೆಸರಿನ ಮೊದಲಕ್ಷರಗಳು. ಆದರೆ ನಮ್ಮ ಭಾಷೆಯಲ್ಲಿ ಮಿಡಿ ಎಂದರೆ ಇನ್ನೊಂದು ಅರ್ಥವೂ ಇದೆಯಲ್ಲ? ವೀಣೆಯ ತಂತಿಯನ್ನು ಬೆರಳಿನಿಂದ ಮಿಡಿಯುತ್ತೇವೆ. ಈ ಕೇಬಲ್ಲಿನಲ್ಲಿ ಸಾಗುವುದೂ ಆ ಮಿಡಿತವೇ. ಯಾವ ಮನೆ, ಎಷ್ಟು ವೇಗ ಎಂಬ ಸುದ್ದಿ ಮಾತ್ರ ಇದರಲ್ಲಿ ಹೋಗುತ್ತದೆ. ಕೇಬಲನ್ನು ಕಿವಿಗಿಟ್ಟುಕೊಂಡರೂ, ಸ್ಪೀಕರಿಗೆ ಚುಚ್ಚಿದರೂ ಹಾಡು ಸಿಗುವುದಿಲ್ಲ.

ಸುದ್ದಿ ಹೇಗಿರುತ್ತದೆ ಗೊತ್ತೇ? ಬರೀ ಮೂರು ಸಂಖ್ಯೆ. ಮೊದಲನೆಯದು, "ಒಂದು ಮನೆ ಒತ್ತಿದರು" ಎಂದು ಹೇಳುತ್ತದೆ. ಎರಡನೆಯದು ಯಾವ ಮನೆ ಎಂದು: ನಡುವಿನ ಸ, ಅಂದರೆ ಒಂದು ಮನೆ ಶ್ರುತಿಯ ಸ, ಇದರ ಲೆಕ್ಕದಲ್ಲಿ 60. ಮೂರನೆಯದು ನಾವು ಈಗಷ್ಟೇ ಕಂಡ ವೇಗದ ಅಂಕ. ಬೆರಳೆತ್ತಿದಾಗ ಇನ್ನೊಂದು ಸುದ್ದಿ ಹೊರಡುತ್ತದೆ. ಕೇಬಲ್ಲಿನಲ್ಲಿ ಸೆಕೆಂಡಿಗೆ 31,250 ಸೊನ್ನೆ-ಒಂದುಗಳು ಸಾಗಬಲ್ಲವು. ಒಂದು ಸುದ್ದಿಗೆ 30 ಸಾಕು. ಹಾಗಾಗಿ ಸುದ್ದಿ ಮುಟ್ಟಲು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕಾಗುತ್ತದೆ. ಅಷ್ಟು ಹೊತ್ತಿನಲ್ಲಿ ನಿಮ್ಮ ಚಪ್ಪಾಳೆಯ ಸದ್ದು ಗಾಳಿಯಲ್ಲಿ ಕಂಪಾಸ್ ಪೆಟ್ಟಿಗೆಯ ಎರಡು ಸ್ಕೇಲಿನಷ್ಟು ದೂರ ಹೋಗಿರುತ್ತದೆ, ಅಷ್ಟೆ.

ನಮ್ಮದು ಮೊದಲು ಮುಟ್ಟಲೇ ಇಲ್ಲ! ಪುಟ್ಟಿ "ಔಟ್" ಎಂದು ಬರೆದ ಪ್ಲಗ್ಗನ್ನು "ಔಟ್" ಎಂದು ಬರೆದ ತೂತಿಗೇ ಚುಚ್ಚಿದ್ದಳು. ಔಟ್ ಅಂದರೆ ಬಾಯಿ, ಇನ್ ಅಂದರೆ ಕಿವಿ. ಬಾಯಿಗೆ ಬಾಯಿ ಇಟ್ಟು ಮಾತಾಡಿದರೆ ಯಾರಿಗೂ ಏನೂ ಕೇಳಿಸದು. ಇದರ ಬಾಯಿಗೆ ಅದರ ಕಿವಿ, ಅದರ ಬಾಯಿಗೆ ಇದರ ಕಿವಿ. ಬದಲಿಸಿದ ಕೂಡಲೇ ಪರದೆಯ ಮೇಲೆ ಒಂದು ಹಸಿರು ಪಟ್ಟಿ ಮಿನುಗಿತು.

ಆ ಕಿವಿಯೊಳಗೆ ಒಂದು ಸೊಗಸು ಅಡಗಿದೆ. ಸುದ್ದಿ ಬಂದ ಕೂಡಲೇ ಒಂದು ಚಿಕ್ಕ ಚಿಪ್ಪಿನೊಳಗೆ ಮುಚ್ಚಿಟ್ಟ ಪುಟ್ಟ ದೀಪ ಮಿಣುಕುತ್ತದೆ. ಅದರೆದುರಿಗೆ ಬೆಳಕನ್ನು ಗುರುತಿಸುವ ಒಂದು ಕಣ್ಣು. ದೀಪಕ್ಕೂ ಕಣ್ಣಿಗೂ ನಡುವೆ ತಂತಿಯೇ ಇಲ್ಲ, ದಾಟುವುದು ಬೆಳಕು ಮಾತ್ರ. ಹೀಗೆ ಮಾಡಿದ್ದರಿಂದ ಒಂದು ಯಂತ್ರದ ಕರೆಂಟಿನ ಗುಂಯ್‌ಗುಡುವಿಕೆ ಇನ್ನೊಂದಕ್ಕೆ ಅಂಟಿಕೊಳ್ಳುವುದಿಲ್ಲ. ನೀವು ಸರಸರ ಸರಳೆ ವರಸೆ ನುಡಿಸುವಾಗಲೆಲ್ಲ ಆ ಕತ್ತಲ ಡಬ್ಬಿಯೊಳಗೆ ಒಂದು ಮಿಂಚುಹುಳ ಮಿನುಗುತ್ತಿರುತ್ತದೆ.

"1999ರ ಕೀಬೋರ್ಡಿನ ಮಾತು ಇವತ್ತಿನ ಲ್ಯಾಪ್‌ಟಾಪಿಗೆ ಹೇಗೆ ಅರ್ಥವಾಗುತ್ತೆ? ನಿನ್ನ ಹಳೇ ಫೋನಿನ ಚಾರ್ಜರ್ ನನ್ನ ಫೋನಿಗೇ ಆಗಲ್ಲ!" ಎಂದಳು. ಅದಕ್ಕೊಂದು ಕಥೆಯಿದೆ. 1980ರ ಸುಮಾರಿಗೆ ಒಂದೊಂದು ಕಂಪನಿಯ ವಾದ್ಯ ಒಂದೊಂದು ಭಾಷೆ ಆಡುತ್ತಿತ್ತು. ಒಂದರದು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ, ಅಮೆರಿಕದ ಸೀಕ್ವೆನ್ಷಿಯಲ್ ಕಂಪನಿಯ ಡೇವ್ ಸ್ಮಿತ್ ಮತ್ತು ಅವರ ಜೊತೆಯವರು ಕೂತು ಎಲ್ಲರಿಗೂ ಒಂದೇ ಭಾಷೆ ಕಟ್ಟಿದರು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯಗಳ ಪ್ರದರ್ಶನವೊಂದರಲ್ಲಿ ಎರಡು ಬೇರೆ ಕಂಪನಿಗಳ ಕೀಬೋರ್ಡುಗಳ ನಡುವೆ ಕೇಬಲ್ ಹಾಕಿದರು. ಒಂದನ್ನು ನುಡಿಸಿದರೆ ಇನ್ನೊಂದು ದನಿಗೊಟ್ಟಿತು. ಆ ಭಾಷೆಗೆ ಅವರು ಯಾರಿಂದಲೂ ಕಾಸು ಕೇಳಲಿಲ್ಲ, ಬೇಕಾದವರು ಬಳಸಿ ಎಂದರು. ಅದಕ್ಕೇ ಎಲ್ಲರೂ ಬಳಸಿದರು, ಅದಕ್ಕೇ ಅದು ಇಂದಿಗೂ ಬಾಳಿದೆ. 2013ರಲ್ಲಿ ಇಬ್ಬರಿಗೂ ಗ್ರ್ಯಾಮಿಯ ತಾಂತ್ರಿಕ ಪ್ರಶಸ್ತಿ ಬಂತು. ಅವರು ಹಂಚಿಕೊಂಡಿರದಿದ್ದರೆ ನಮ್ಮ ಟ್ರೈಟನ್ ಅಟ್ಟದ ಮೇಲೇ ಇರುತ್ತಿತ್ತು.

ಸುದ್ದಿಗೂ ಹಾಡಿಗೂ ಇರುವ ವ್ಯತ್ಯಾಸ ಪುಟ್ಟಿಗೆ ಅವಳ ಪಾಠದ ಪುಸ್ತಕದಿಂದಲೇ ತಿಳಿಯಿತು. ಅವಳು ವೀಣೆ ಕಲಿಯುತ್ತಾಳೆ. ಪುಸ್ತಕದಲ್ಲಿ ಸ ರಿ ಗ ಮ ಎಂದು ಸ್ವರ ಬರೆದುಕೊಂಡಿದ್ದಾಳೆ. ಪುಟ ತೆರೆದರೆ ನಾದ ಕೇಳಿಸುವುದಿಲ್ಲ, ಆದರೆ ನುಡಿಸಬಲ್ಲವರ ಕೈಗೆ ಕೊಟ್ಟರೆ ನಾದ ಹುಟ್ಟುತ್ತದೆ. ಮಿಡಿ ಆ ಪುಸ್ತಕದ ಹಾಗೆ. ಗುರುಗಳು ನುಡಿಸುವಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಅದು ಬೇರೆ, ಅದು ನಾದದ್ದೇ ಪಡಿಯಚ್ಚು. ಸಿ.ಡಿ.ಯ ಗುಣಮಟ್ಟದಲ್ಲಿ ಸೆಕೆಂಡಿಗೆ 44,100 ಸಲ ಗಾಳಿಯ ಒತ್ತಡ ಅಳೆದು ಬರೆಯುತ್ತಾರೆ, ಅದೂ ಎಡ ಕಿವಿಗೊಮ್ಮೆ, ಬಲ ಕಿವಿಗೊಮ್ಮೆ. ಒಂದು ನಿಮಿಷಕ್ಕೆ ಒಂದು ಕೋಟಿ ಬೈಟುಗಳಿಗೂ ಹೆಚ್ಚು. ಅದೇ ನಿಮಿಷದಲ್ಲಿ 400 ಸ್ವರ ನುಡಿಸಿದರೂ ಮಿಡಿಯ ಸುದ್ದಿಗಳು ಬರೀ 2,400 ಬೈಟು.

ಈ ಲೆಕ್ಕವನ್ನು ನಾನು ಕಷ್ಟಪಟ್ಟು ಕಲಿತವನು. ಟ್ರೈಟನ್ನಿನಲ್ಲಿ ಫ್ಲಾಪಿ ಎಂಬ ಚೌಕನೆಯ ತಟ್ಟೆ ಹಾಕುವ ಬಾಯಿ ಇದೆ. ಒಂದು ಫ್ಲಾಪಿಗೆ 1.44 ಮೆಗಾಬೈಟ್ ಜಾಗ. ಒಂದು ನಿಮಿಷದ ಸಿ.ಡಿ. ಗುಣಮಟ್ಟದ ನಾದ ಹಿಡಿಸಲು ಅಂಥ ಎಂಟು ಫ್ಲಾಪಿ ಬೇಕು. ಆದರೆ ಒಂದು ಇಡೀ ಸಂಜೆಯ ಹಾಡುಗಳ ಸ್ವರದ ಸುದ್ದಿ ಒಂದೇ ಫ್ಲಾಪಿಯಲ್ಲಿ ಕೂರುತ್ತಿತ್ತು. ಒಮ್ಮೆ ಬನಶಂಕರಿ 2ನೇ ಹಂತದ ಗಣೇಶನ ಪೆಂಡಾಲಿನಲ್ಲಿ ಎಂಟು ಹಾಡಿನ ತಾಳ ಕೂಡಿಸಿ ಇಟ್ಟಿದ್ದೆ. ಫ್ಲಾಪಿಗೆ ಇಳಿಸುವ ಮೊದಲೇ ಕರೆಂಟು ಹೋಯಿತು. ಮರಳಿ ಬಂದಾಗ ಕೀಬೋರ್ಡಿನ ನೆನಪು ಖಾಲಿ. ಅದರ ಸೀಕ್ವೆನ್ಸರಿನ ನೆನಪು ಕರೆಂಟಿರುವವರೆಗೆ ಮಾತ್ರ ಉಳಿಯುವಂಥದು, ಅಂಗೈಯಲ್ಲಿ ಹಿಡಿದ ನೀರಿನ ಹಾಗೆ. ಆ ಸಂಜೆ ತಾಳವನ್ನೆಲ್ಲ ಕೈಯಲ್ಲೇ ನುಡಿಸಿದೆ. ಈಗ ಬರೆದಿಡುವ ಕೆಲಸ ಲ್ಯಾಪ್‌ಟಾಪಿನದು. ಅದರ ಪರದೆ ದೊಡ್ಡದು, ತಪ್ಪಿದ ಸ್ವರವನ್ನು ಬೆರಳಲ್ಲಿ ತೋರಿಸಿ ತಿದ್ದಬಹುದು, ಡಿಸ್ಕಿಗೆ ಉಳಿಸಿಬಿಟ್ಟರೆ ಕರೆಂಟು ಹೋದರೂ ಮರೆಯುವುದಿಲ್ಲ.

"ಹಾಗಾದರೆ ಹಾಡುವುದನ್ನೂ ಲ್ಯಾಪ್‌ಟಾಪೇ ಮಾಡಲಿ, ಕೀಬೋರ್ಡ್ ಯಾಕೆ?" ಎಂದಳು. ಮಾಡಿ ನೋಡೋಣ ಎಂದೆ. ಪುಟ್ಟಿ ಮನೆ ಒತ್ತಿದಳು, ಲ್ಯಾಪ್‌ಟಾಪಿನೊಳಗಿನ ಪಿಯಾನೊ ಒಂದು ಗಳಿಗೆ ತಡೆದು ದನಿಗೊಟ್ಟಿತು. ತಾಳ ಹಾಕಿ ನುಡಿಸಲು ಹೋದರೆ ಕೈ ಮುಂದೆ, ನಾದ ಹಿಂದೆ. ಅವಳಿಗೆ ಸಿಟ್ಟು ಬಂತು.

ಯಾಕೆ ತಡವಾಯಿತು? ಮನೆಯ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಕಾವೇರಿ ನೀರು ಇಡೀ ದಿನ ಬರುವುದಿಲ್ಲ. ಬಂದಾಗ ಸಂಪಿಗೆ ತುಂಬಿಸಿ, ಮೇಲಿನ ಟ್ಯಾಂಕಿಗೆ ಏರಿಸಿಡುತ್ತೇವೆ, ನಲ್ಲಿಯಲ್ಲಿ ಸದಾ ಸಣ್ಣಗೆ ಸುರಿಯುತ್ತಲೇ ಇರುತ್ತದೆ. ಕಂಪ್ಯೂಟರಿಗೂ ನೂರೆಂಟು ಕೆಲಸ: ಪರದೆ ಬಿಡಿಸಬೇಕು, ವೈಫೈ ನೋಡಬೇಕು, ಗಡಿಯಾರ ತಿರುಗಿಸಬೇಕು. ನಾದಕ್ಕೆ ಬೇಕಾದ ಸಂಖ್ಯೆಗಳನ್ನು ಅದು ಬಿಡುವಾದಾಗ ಒಂದೊಂದು ಕೊಡದಷ್ಟು ತಯಾರಿಸಿ ಬಫರ್ ಎಂಬ ಟ್ಯಾಂಕಿಗೆ ಸುರಿಯುತ್ತದೆ. ಸ್ಪೀಕರು ಅಲ್ಲಿಂದ ಕುಡಿಯುತ್ತದೆ. ಟ್ಯಾಂಕು ದೊಡ್ಡದಾದರೆ ನೀವು ಈಗಷ್ಟೇ ಸುರಿದ ನೀರು ನಲ್ಲಿಗೆ ಬರುವ ಮುಂಚೆ ಹಳೆಯದೆಲ್ಲ ಖಾಲಿಯಾಗಬೇಕು, ಅದೇ ಆ ತಡ. ಟ್ಯಾಂಕು ತೀರ ಚಿಕ್ಕದಾದರೆ ನಡುನಡುವೆ ಒಣಗಿ ನಲ್ಲಿ ಬುಸ್ ಎನ್ನುವಂತೆ ಸ್ಪೀಕರು ಟಕಟಕ ಎನ್ನುತ್ತದೆ. ನಮ್ಮ ಲ್ಯಾಪ್‌ಟಾಪಿನ ಟ್ಯಾಂಕು 2,048 ಅಳತೆಗಳದು. ಸೆಕೆಂಡಿಗೆ 44,100 ಖರ್ಚಾಗುವುದರಿಂದ ಅದು ಬರಿದಾಗಲು ಸೆಕೆಂಡಿನ ಸಾವಿರದಲ್ಲಿ 46 ಭಾಗ. ಅಂದರೆ 16 ಮೀಟರ್ ದೂರದಲ್ಲಿ ಕೂತ ಮೃದಂಗದವರ ಪೆಟ್ಟಿಗೆ ತಾಳ ಹಾಕಿದಂತೆ! 256ಕ್ಕೆ ಇಳಿಸಿದೆವು. ಅದು ಬರಿದಾಗಲು ಸಾವಿರದಲ್ಲಿ 6 ಭಾಗ, 2 ಮೀಟರ್ ಆಚೆ ಕೂತಷ್ಟು. ಪುಟ್ಟಿಯ ಸಿಟ್ಟು ಇಳಿಯಿತು.

ಟ್ರೈಟನ್ನಿಗೆ ಈ ನೂರೆಂಟು ಕೆಲಸಗಳಿಲ್ಲ. ಬೆರಳು ಬಂದರೆ ನಾದ ಕೊಡುವುದೇ ಅದರ ಕಸುಬು. ಅದಕ್ಕೆಂದೇ ಮಾಡಿದ ಚಿಪ್ಪುಗಳು ಅದರಲ್ಲಿವೆ. ಒತ್ತಿದರೆ ಆಗಲೇ ನುಡಿಯುತ್ತದೆ. ಆದ್ದರಿಂದ ನಾವು ಕೆಲಸ ಹಂಚಿದೆವು: ಹಾಡುವುದು ಕೀಬೋರ್ಡು, ಬರೆದುಕೊಳ್ಳುವುದು ಲ್ಯಾಪ್‌ಟಾಪು.

ಆಗ ಒಂದು ಚಂದದ ಗಳಿಗೆ ಬಂತು. ಪುಟ್ಟಿ ಒಂದು ಗೀತೆ ನುಡಿಸಿದಳು, ಲ್ಯಾಪ್‌ಟಾಪು ಬರೆದುಕೊಂಡಿತು. "ಈಗ ಕೈ ತೆಗೆ" ಎಂದು ನಾನು ಗುಂಡಿ ಒತ್ತಿದೆ. ಲ್ಯಾಪ್‌ಟಾಪು ಸುದ್ದಿಗಳನ್ನು ಹಿಂದಕ್ಕೆ ಕಳಿಸಿತು, ಮನೆಗಳು ಅಲುಗಲಿಲ್ಲ, ಆದರೆ ಅವಳದೇ ನುಡಿಕೆ ಮತ್ತೆ ಕೇಳಿಸಿತು. ಅವಳ ತಪ್ಪೂ, ಅವಳ ತಡವರಿಕೆಯೂ ಇದ್ದಂತೇ. ಆಮೇಲೆ ನಾನು ದನಿಯನ್ನು ಪಿಯಾನೊದಿಂದ ಕೊಳಲಿಗೆ ಬದಲಿಸಿದೆ. ಅದೇ ಬೆರಳು, ಈಗ ಕೊಳಲು! ಬರೆದದ್ದು ಸ್ವರವಾದ್ದರಿಂದ ಯಾವ ವಾದ್ಯದವರ ಕೈಗಾದರೂ ಕೊಡಬಹುದು.

ಕೀಬೋರ್ಡಿಗೆ ಗಮಕ ಬರುತ್ತದೆಯೇ ಎಂಬುದು ಅವಳ ಮುಂದಿನ ಅನುಮಾನ. ವೀಣೆಯಲ್ಲಿ ತೋಡಿ ರಾಗದ ಗಾಂಧಾರವನ್ನು ತಂತಿ ಎಳೆದು ತೂಗಿಸುತ್ತಾರೆ. ಕೀಬೋರ್ಡಿನ ಗಾಂಧಾರ ದೀಪದ ಕಂಬದಂತೆ ನೆಟ್ಟಗೆ ನಿಲ್ಲುತ್ತದೆ. ಅದಕ್ಕೇ ಎಡಗೈ ಪಕ್ಕ ಒಂದು ಪುಟ್ಟ ಹಿಡಿ ಇದೆ. ಅದನ್ನು ವಾಲಿಸಿದರೆ ಸ್ವರ ಬಾಗುತ್ತದೆ. ಬಾಗುವಿಕೆಗೆ ಬರೀ 128 ಮೆಟ್ಟಿಲು ಇದ್ದರೆ ಕಿವಿಗೆ ಮೆಟ್ಟಿಲು ಹತ್ತಿದಂತೆ ಕೇಳಿಸೀತು. ಆದ್ದರಿಂದ ಮಿಡಿ ಕಟ್ಟಿದವರು ಇದಕ್ಕೆ ಎರಡು ಸಂಖ್ಯೆ ಮೀಸಲಿಟ್ಟರು: 128ನ್ನು 128ರಿಂದ ಗುಣಿಸಿ, 16,384 ಮೆಟ್ಟಿಲು! ಅಷ್ಟು ಸಣ್ಣ ಮೆಟ್ಟಿಲು ಜಾರುಬಂಡೆಯಾಗುತ್ತದೆ. ಆದರೂ ಎಲ್ಲಿ ಎಷ್ಟು ತೂಗಬೇಕೆಂಬುದು ಹಿಡಿಗೆ ಗೊತ್ತಿಲ್ಲ. ಅದು ಪುಟ್ಟಿಯ ಕಿವಿಗೆ, ಅವಳ ಗುರುಗಳ ಪಾಠದಿಂದ ಬರಬೇಕು.

ಕೊನೆಗೆ ಅವಳು ಹಾಡಿದಳು. ಶ್ರುತಿಗೆ ಅಮ್ಮನ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ಇಟ್ಟೆವು. ಈ ಪೆಟ್ಟಿಗೆಯ ಊರು ನಮ್ಮ ಬೆಂಗಳೂರೇ. ಇಲ್ಲಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿ, ಅದೇ ವರ್ಷ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಮ್ಮೇಳನದಲ್ಲಿ ತೋರಿಸಿದರು. ಮಿಡಿ ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು! ಅವರ ರಾಡೆಲ್ ಪೆಟ್ಟಿಗೆಗಳು ಇಂದು ಎಷ್ಟೋ ಪಾಠದ ಮನೆಗಳಲ್ಲಿ ಮೀಟುತ್ತಿವೆ.

ಪುಟ್ಟಿಯದು ಐದು ಮನೆ ಶ್ರುತಿ. ಅವಳ ಸ ಅಂದರೆ ಗಾಳಿ ಸೆಕೆಂಡಿಗೆ 196 ಸಲ ಕಂಪಿಸಬೇಕು. ಕೀಬೋರ್ಡಿನ ಸ ಸರಿಯಾಗಿ ಅಷ್ಟೇ ಇತ್ತು, ತಂಬೂರಿಯದು ಚೂರು ಹೆಚ್ಚು. ಎರಡೂ ಕೂಡಿದಾಗ ವಾಂವ್... ವಾಂವ್... ಎಂದು ಒಂದು ಅಲೆ ಎದ್ದಿತು. ಒಂದು 196, ಇನ್ನೊಂದು 198 ಇದ್ದರೆ ಎರಡರ ಅಲೆಗಳು ಸೆಕೆಂಡಿಗೆ ಎರಡು ಸಲ ಕೈ ಹಿಡಿಯುತ್ತವೆ, ಎರಡು ಸಲ ಕೈ ಬಿಡುತ್ತವೆ. ಆ ಹಿಡಿದು ಬಿಡುವುದೇ ಈ ಮಿಡಿತ. ನಾನು ಸುಮ್ಮನೆ ಕೂತೆ, ಅವಳೇ ತಂಬೂರಿಯ ತಿರುಪು ತಿರುಗಿಸಿದಳು. ಮಿಡಿತ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. "ಸೇರಿತು" ಎಂದಳು. ಯಾವ ಯಂತ್ರವೂ ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ.

ನೀವೂ ಒಂದು ಪ್ರಯೋಗ ಮಾಡಿ. ಒಂದು ಬಟ್ಟಲಿನ ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಬಿಗಿದು, ಮೇಲೆ ಹತ್ತಿಪ್ಪತ್ತು ರಾಗಿ ಕಾಳು ಹಾಕಿ, ಸ್ಪೀಕರಿನ ಎದುರಿಗಿಡಿ. ಮಂದ್ರದ ಸ್ವರ ನುಡಿಸಿ, ಕೀಬೋರ್ಡ್ ಇಲ್ಲದಿದ್ದರೆ ಮೊಬೈಲಿನ ಹಾಡಾದರೂ ಆದೀತು. ಕಾಳು ಕುಣಿಯುತ್ತದೆ. ಸ್ಪೀಕರಿನ ಹಾಳೆ ಹಿಂದೆ ಮುಂದೆ ಹೋಗಿ ಗಾಳಿಯನ್ನು ನೂಕಿದೆ, ಗಾಳಿ ಪ್ಲಾಸ್ಟಿಕ್ಕನ್ನು ನೂಕಿದೆ. ಬಿಡುವಾದಾಗ ದೊಡ್ಡವರ ಜೊತೆ ಜೆ.ಪಿ. ನಗರ 7ನೇ ಹಂತದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಮ್ಯೂಸಿಯಂಗೂ ಹೋಗಿ ಬನ್ನಿ. 2019ರಲ್ಲಿ ತೆರೆದದ್ದು. ಅದರ ನಾದದ ತೋಟದಲ್ಲಿ ಕಲ್ಲನ್ನೂ ನುಡಿಸಬಹುದು, ನೋಡಿ ಮುಟ್ಟಿ ಕೇಳಬಹುದು.

ಪುಟ್ಟಿಯ ಹಾಡು ಈಗ ಲ್ಯಾಪ್‌ಟಾಪಿನಲ್ಲಿದೆ: ಎರಡು ಸಾಲು ಕೀಬೋರ್ಡು, ಒಂದು ಸಾಲು ತಂಬೂರಿ, ಒಂದು ಸಾಲು ಅವಳ ದನಿ. ರಜೆ ಮುಗಿದು ಅವಳು ಊರಿಗೆ ಹೊರಟ ದಿನ ಕಪ್ಪು ಚೀಲವನ್ನು ಮಡಿಸಿ ಅಟ್ಟಕ್ಕೆ ಏರಿಸಿದಳು. ಚೀಲ ಮಾತ್ರ. ಕೀಬೋರ್ಡು ಕಿಟಕಿಯ ಪಕ್ಕ ಮೇಜಿನ ಮೇಲೇ ಇದೆ.